ರೆಪ್ಪೆಯಂಚಿನ ಎಣ್ಣೆ

ಮೂರು ವರ್ಷ ನನ್ನ ಕಣ್ಣು ಉರಿದವು. ಮೂರು ವರ್ಷವೂ ನಾನು ಧೂಳನ್ನು ಬೈದೆ. ಸಂಡೂರಿನಲ್ಲಿ ಯಾರಿಗೆ ಏನಾದರೂ ಧೂಳೇ ಕಾರಣ. ಕೆಮ್ಮು ಬಂದರೆ ಧೂಳು, ತಲೆಗೂದಲು ಉದುರಿದರೆ ಧೂಳು, ಮಗನಿಗೆ ಗಣಿತ ತಲೆಗೆ ಹತ್ತದಿದ್ದರೂ ಧೂಳು. ಬೆಳಿಗ್ಗೆ ಒಣಹಾಕಿದ ಬಿಳಿ ಬನಿಯನ್ ಸಂಜೆಗೆ ಕೆಂಪಗಾಗುವ ಊರಿನಲ್ಲಿ ಹಾಗೆ ಅನ್ನುವುದರಲ್ಲಿ ಅನ್ಯಾಯವೇನಿಲ್ಲ. ನನ್ನ ವಿಷಯದಲ್ಲಿ ಮಾತ್ರ ಅದು ತಪ್ಪಾಗಿತ್ತು. ಆ ತಪ್ಪು ನನಗೆ ಅನುಕೂಲವಾಗಿತ್ತು ಅನ್ನುವುದನ್ನೂ ಮೊದಲೇ ಹೇಳಿಬಿಡುತ್ತೇನೆ.

ಯಶವಂತನಗರದ ಕಡೆ ಒಂದು ಮೈನ್ಸ್‌ನ ವೇಬ್ರಿಡ್ಜ್‌ನಲ್ಲಿ ನನ್ನ ಕೆಲಸ. ಅದಿರು ತುಂಬಿದ ಲಾರಿ ಬಂದು ಕಬ್ಬಿಣದ ಹಾಸಿನ ಮೇಲೆ ನಿಲ್ಲುತ್ತದೆ. ನಾನು ಪಕ್ಕದ ಗಾಜಿನ ಕ್ಯಾಬಿನ್ನಿನಲ್ಲಿ ಕೂತು ಪರದೆಯ ಮೇಲೆ ಮೂಡಿದ ತೂಕ ನೋಡಿ ಚೀಟಿ ಹರಿದು ಕೊಡುತ್ತೇನೆ. ಮಧ್ಯಾಹ್ನದ ಹೊತ್ತಿಗೆ ಕಣ್ಣಿನೊಳಗೆ ಮರಳು ಸುರಿದಂತಾಗಿ ಅಂಕಿಗಳು ಮಸುಕಾಗುತ್ತಿದ್ದವು. ನಾಲ್ಕು ಸಲ ರೆಪ್ಪೆ ಬಡಿದರೆ ಮತ್ತೆ ಕಾಣುತ್ತಿದ್ದವು. ವಿಚಿತ್ರವೆಂದರೆ ಅದೇ ಕಣ್ಣುಗಳಿಂದ ನೀರು ಬೇರೆ ಸುರಿಯುತ್ತಿತ್ತು. ಲಾರಿಯವರಿಗೆ ಇಷ್ಟು ಸಾಕಲ್ಲ! ಕಿಟಕಿಯಿಂದ ತಲೆ ಹಾಕಿ, "ಏನಣ್ಣ, ಮುಂಜಾನೆ ಮುಂಜಾನೆ ಅಕ್ಕಾರು ಬೈದ್ರೇನು?" ಅನ್ನುವವನೊಬ್ಬ. "ನನ್ನ ಗಾಡಿ ಹೋಗ್ತೈತಂತ ಅಳಬ್ಯಾಡಣ್ಣ, ನಾಳೆ ಬರ್ತೀನಿ" ಅನ್ನುವವನು ಇನ್ನೊಬ್ಬ. ಅವರ ಜೊತೆ ನಾನೂ ನಗುತ್ತಿದ್ದೆ, ಚೀಟಿಯ ಮೇಲೆ ಒಂದು ಹನಿ ಬೀಳುತ್ತಿತ್ತು.

ಕ್ಯಾಂಪಿನ ದವಾಖಾನೆಯ ಡಾಕ್ಟರು ಕಣ್ಣನ್ನು ನೋಡುವ ಮೊದಲೇ "ಧೂಳು" ಎಂದು ಬರೆದು ಒಂದು ಬಾಟಲಿ ಹನಿ ಔಷಧ ಕೊಟ್ಟರು. ಕಂಪನಿಯವರು ಕನ್ನಡಕ ಕೊಟ್ಟರು. ಪಕ್ಕದ ಮನೆಯ ಅಜ್ಜಿ ನೆತ್ತಿಗೆ ಔಡಲೆಣ್ಣೆ ತಟ್ಟಿಸಿ, ರೆಪ್ಪೆಯ ಮೇಲೆ ನಂದಿಬಟ್ಟಲು ಹೂವು ಇಟ್ಟುಕೊಂಡು ಮಲಗಲು ಹೇಳಿದಳು. ಹಾಗೂ ಮಲಗಿದೆ. ಉರಿ ಹೋಗಲಿಲ್ಲ, ದಿಂಬಿಗೆ ಜಿಡ್ಡಾಯಿತು. ಧೂಳಿಲ್ಲದ ಕಡೆ ಎಂಟು ದಿನ ಇದ್ದು ನೋಡೋಣವೆಂದು ರಜೆ ಹಾಕಿ ಹೆಂಡತಿಯ ಅಕ್ಕನ ಮನೆಗೆ, ಕಂಪ್ಲಿಗೆ ಹೋದೆವು. ನನ್ನ ಷಡ್ಡಕನಿಗೆ, ಅಂದರೆ ಆ ಅಕ್ಕನ ಗಂಡನಿಗೆ, ಅಲ್ಲಿ ಅಕ್ಕಿ ಗಿರಣಿಯಿದೆ. ಸುತ್ತ ಹಸಿರು ಗದ್ದೆ, ಕಾಲುವೆಯ ನೀರು, ತಂಪು ಗಾಳಿ. ಕಣ್ಣು ಅಲ್ಲಿಯೂ ಅಷ್ಟೇ ಉರಿದವು. ಷಡ್ಡಕ ಒಂದು ಕ್ಷಣವೂ ಯೋಚಿಸದೆ, "ಗಿರಣಿ ಹೊಟ್ಟಿನ ಧೂಳು ಲೇ ತಮ್ಮಾ" ಅಂದ. ಈ ಸೀಮೆಯಲ್ಲಿ ಧೂಳಿನಿಂದ ಪಾರಾಗಿ ಹೋಗಲು ಜಾಗವಿಲ್ಲ.

ಈಗ ಅನುಕೂಲದ ವಿಷಯಕ್ಕೆ ಬರುತ್ತೇನೆ. ಮಗಳನ್ನು ಕುರೆಕುಪ್ಪಕ್ಕೆ ಮದುವೆ ಮಾಡಿ ಕೊಟ್ಟ ಮೇಲೆ ಮನೆಯಲ್ಲಿ ನಾನು, ಹೆಂಡತಿ ಇಬ್ಬರೇ. ಕಣ್ಣಿಗೆ ಔಷಧ ಹಾಕಿಕೊಳ್ಳುವುದರಲ್ಲಿ ನಾನು ಮಹಾ ಹೇಡಿ. ಬಾಟಲಿಯ ಮೂತಿ ಹತ್ತಿರ ಬಂದರೆ ಸಾಕು, ಕಣ್ಣು ತಾವೇ ಮುಚ್ಚಿಕೊಳ್ಳುತ್ತಿದ್ದವು. ಹಾಗಾಗಿ ಬೆಳಿಗ್ಗೆ ಡ್ಯೂಟಿಗೆ ಹೊರಡುವ ಮುಂಚೆ, ಸಂಜೆ ಬಂದ ಮೇಲೆ ಅವಳೇ ಹಾಕುತ್ತಿದ್ದಳು. ಪಡಸಾಲೆಯ ಕಟ್ಟೆಯ ಮೇಲೆ ನನ್ನನ್ನು ಕೂರಿಸಿ, ಗದ್ದ ಎತ್ತಿ ಹಿಡಿದು, "ಮ್ಯಾಲೆ ನೋಡ್ರಿ. ಮುಚ್ಚಬ್ಯಾಡ್ರಿ ಅಂದೆನಲ್ಲ. ಸಣ್ಣ ಕೂಸಿಗಿಂತ ಕಡೆ ನೀವು" ಅನ್ನುತ್ತಿದ್ದಳು. ಅವಳ ಮುಖ ನನ್ನ ಮುಖಕ್ಕೆ ಒಂದು ಗೇಣು ದೂರದಲ್ಲಿ ಇರುತ್ತಿತ್ತು. ಆ ಹೊತ್ತಿನಲ್ಲಿ ಗಂಡನಾದವನಿಗೆ ಏನಾದರೂ ಅನ್ನಿಸಬೇಕಲ್ಲ. ಇಪ್ಪತ್ತಾರು ವರ್ಷ ಅನ್ನಿಸಿತ್ತು. ಈಗ ಏನೂ ಅನ್ನಿಸುತ್ತಿರಲಿಲ್ಲ. ಗೋಡೆಯ ಮುಂದೆ ಕೂತ ಹಾಗೆ ಕೂತಿರುತ್ತಿದ್ದೆ.

ಮೊದಲು ದಣಿವು ಅಂದುಕೊಂಡೆ. ದಣಿವಂತೂ ಇತ್ತು, ಎರಡು ಮೆಟ್ಟಿಲು ಹತ್ತಿದರೆ ಕಾಲು ಸೋಲುತ್ತಿದ್ದವು. ಆಮೇಲೆ ಶುಗರ್ ಅಂದುಕೊಂಡೆ, ಅದೂ ಇತ್ತು. ವಯಸ್ಸು ಅಂದುಕೊಂಡೆ, ಐವತ್ತೆರಡು. ತಿಂಗಳುಗಳು ಹೋದವು, ಒಂದು ವರ್ಷ ಹೋಯಿತು. ಅವಳು ಹತ್ತಿರ ಬಂದಾಗಲೆಲ್ಲ ನಾನು "ಕಣ್ಣು ಭಾಳ ಉರಿಯಾಕತ್ತಾವು" ಅನ್ನುತ್ತಿದ್ದೆ. ಸುಳ್ಳಲ್ಲ, ಉರಿಯುತ್ತಿದ್ದವು. ಇನ್ನೊಬ್ಬರಿಗೆ ತೋರಿಸಬಹುದಾದ ಕಾಯಿಲೆಯೊಂದು ಕೈಯಲ್ಲಿದ್ದರೆ ತೋರಿಸಲಾಗದ್ದನ್ನು ಅದರ ಹಿಂದೆ ಇಟ್ಟುಕೊಳ್ಳಬಹುದು. ನಾನು ಮಾಡಿದ್ದು ಅದನ್ನೇ. ಕೊನೆಗೆ ಅವಳು ತನ್ನ ಹಾಸಿಗೆಯನ್ನು ಹೊರಗಿನ ಕೋಣೆಗೆ, ಹೊಲಿಗೆ ಯಂತ್ರದ ಪಕ್ಕಕ್ಕೆ ಹಾಕಿಕೊಂಡಳು. ಔಡಲೆಣ್ಣೆ ವಾಸನೆ ಆಗುವುದಿಲ್ಲ ಅಂದಳು. ನಾನು ಔಡಲೆಣ್ಣೆ ಬಿಟ್ಟು ಆರು ತಿಂಗಳಾಗಿತ್ತು. ಆದರೂ ಹೂಂ ಅಂದೆ.

ಒಂದು ದಿನ ರೊಟ್ಟಿ ಬಡಿಯುತ್ತಾ ಅವಳೇ ಮಾತು ತೆಗೆದಳು. ತಿರುಗಿ ನೋಡಲಿಲ್ಲ.

"ನನ್ನ ಮ್ಯಾಲೆ ಮನಸ್ಸಿಲ್ಲ ಅಂದ್ರ ಬಾಯಿಬಿಟ್ಟು ಹೇಳಿಬಿಡ್ರಿ. ಹಿಂಗ ಮುಖ ತಿರುವಿಕೊಂಡು ಇರಬ್ಯಾಡ್ರಿ. ಅಕ್ಕ ಕರಿಯಾಕತ್ತಾಳ. ಹೋಗಿ ಅಲ್ಲೇ ಇದ್ದುಬಿಡ್ತೀನಿ."

"ಏ, ಎಂಥಾ ಮಾತಾಡ್ತಿ! ಕಣ್ಣಿನ ಕಾಟಕ್ಕ ನನಗ ಯಾವುದೂ ಬ್ಯಾಡಾಗೈತಿ ಅಷ್ಟೇ."

"ಕಣ್ಣಿಗೂ ಅದಕ್ಕೂ ಏನ್ ಸಂಬಂಧರಿ?" ಅಂದಳು.

ಸಂಬಂಧ ಇತ್ತು. ಅದು ಆಗ ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಒಂದೇ, ಇವಳು ಸುಮ್ಮನೆ ಹೆದರಿಸುವ ಹೆಂಗಸಲ್ಲ. ಹಾಲಿನವನು ನೀರು ಬೆರೆಸಿದನೆಂದು ಒಮ್ಮೆ "ನಾಳಿಂದ ಬರಬ್ಯಾಡ" ಅಂದಿದ್ದಳು. ಆಮೇಲೆ ಅವನು ಕೈಮುಗಿದು ಬಾಗಿಲಲ್ಲಿ ನಿಂತರೂ ತಗೊಳ್ಳಲಿಲ್ಲ. ನಾವು ನಾಲ್ಕು ತಿಂಗಳು ಕರಿ ಚಹಾ ಕುಡಿದೆವು. ಕಂಪ್ಲಿಗೆ ಹೋಗುತ್ತೇನೆ ಅಂದರೆ ಹೋಗುತ್ತಾಳೆ, ಹೋದರೆ ಬರುವುದಿಲ್ಲ. ಅವತ್ತು ನನಗೆ ನಿಜವಾಗಿ ಭಯವಾಯಿತು. ಭಯವಾದರೂ ಬಾಯಿ ಬಿಡಲಿಲ್ಲ. "ನನಗೆ ಆಗುತ್ತಿಲ್ಲ" ಎಂಬ ಎರಡು ಪದ ಹೇಳುವುದಕ್ಕಿಂತ ಅವಳು ಏನಾದರೂ ಅಂದುಕೊಳ್ಳಲಿ ಅನ್ನಿಸಿತು. ಇದಕ್ಕೆ ಹೇಡಿತನ ಅನ್ನದೆ ಬೇರೆ ಹೆಸರಿಲ್ಲ.

ನನ್ನ ಮೈಯಲ್ಲಿ ಆದದ್ದನ್ನು ಮೊದಲು ಗುರುತಿಸಿದವನು ಡಾಕ್ಟರಲ್ಲ, ಸಂಡೂರಿನ ಬಸ್‌ಸ್ಟ್ಯಾಂಡ್ ಹಿಂದಿನ ಕಟಿಂಗ್ ಅಂಗಡಿಯವನು. ಇಪ್ಪತ್ತು ವರ್ಷದಿಂದ ಪ್ರತಿ ಭಾನುವಾರ, ಪ್ರತಿ ಬುಧವಾರ ನನ್ನ ಗಡ್ಡ ಅವನ ಕೈಯಲ್ಲಿ. ಒಂದು ಬುಧವಾರ ಸೋಪು ಹಚ್ಚಲು ಬ್ರಷ್ ಎತ್ತಿದವನು ಹಾಗೇ ನಿಂತು ಕೆನ್ನೆಯ ಮೇಲೆ ಹೆಬ್ಬೆರಳು ಆಡಿಸಿದ.

"ಏನಣ್ಣ, ಬ್ಯಾರೆ ಅಂಗಡಿಗೆ ಹೋಗಿದ್ದೇನು?"

"ಇಲ್ಲಪ್ಪ. ಭಾನುವಾರ ನೀನೇ ಮಾಡೀಯಲ್ಲ."

"ಮತ್ತ ಗಡ್ಡ ಎಲ್ಲಿ? ಮೊದಲು ನಿನ್ನ ಗಡ್ಡಕ್ಕ ಒಂದು ಬ್ಲೇಡು ಸಾಲ್ತಿದ್ದಿಲ್ಲ. ಈಗ ನೋಡು, ಹುಡುಗರದ್ದು ಇದ್ದಂಗ ಐತಿ." ಹಾಗೆಂದು ನಕ್ಕ. ಬೆಂಚಿನ ಮೇಲೆ ಪೇಪರ್ ಓದುತ್ತಿದ್ದವರೂ ತಲೆ ಎತ್ತಿ ನಕ್ಕರು. "ಮಸ್ತ್ ಆತು ಬಿಡಣ್ಣ, ವಾರಕ್ಕೊಮ್ಮೆ ಬಂದ್ರ ಸಾಕು" ಅಂದ. ನಾನೂ ಮಸ್ತ್ ಅಂದೆ. ಮನೆಗೆ ಬಂದು ಎಷ್ಟೋ ಹೊತ್ತು ಕೆನ್ನೆ ಸವರಿಕೊಂಡು ಕೂತಿದ್ದೆ.

ಕಣ್ಣು ತೀರ ಕೆಂಪಾಗಿ ಮೂರು ದಿನ ಕೆಲಸಕ್ಕೆ ಹೋಗಲಾಗದಿದ್ದಾಗ ಹೆಂಡತಿಯೇ ಹಟ ಹಿಡಿದು ಹೊಸಪೇಟೆಯ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಹಂಪಿಗೆ ಹೋಗುವ ವಿದೇಶಿಯರು ಬೆನ್ನಿಗೆ ಮೂಟೆ ಕಟ್ಟಿಕೊಂಡು ತುಂಬಿದ್ದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ಆಟೋ ಹಿಡಿದು, ಚೀಟಿ ಮಾಡಿಸಿ ಕೂತೆವು. ನಮ್ಮ ಕಡೆ ಒಂದು ಪದ್ಧತಿ ಇದೆ. ಗಂಡನಿಗೆ ಕಾಯಿಲೆಯಾದರೆ ಡಾಕ್ಟರ ಮುಂದೆ ಮಾತಾಡುವವಳು ಹೆಂಡತಿ. ಗಂಡ ಸ್ಟೂಲಿನ ಮೇಲೆ ಮೈ ಬಿಟ್ಟುಕೊಟ್ಟು ಕೂತಿರುತ್ತಾನೆ, ಅವಳು ಹಿಂದೆ ನಿಂತು ಎಲ್ಲ ಹೇಳುತ್ತಾಳೆ. ಏನು ತಿಂದರು, ಎಷ್ಟು ಸಲ ಹೊರಗೆ ಹೋದರು, ಯಾವ ಮಗ್ಗುಲಿಗೆ ಮಲಗಿದರು, ಎಲ್ಲ. ಗಂಡನ ಮೈ ಅವಳ ಲೆಕ್ಕದಲ್ಲೇ ಇರುತ್ತದೆ. ಆ ಕೋಣೆಯಿಂದ ಅವಳನ್ನು ಹೊರಗೆ ಕಳಿಸುವ ರೂಢಿ ಇಲ್ಲ.

ಡಾಕ್ಟರು ನನ್ನ ಮಗಳ ವಯಸ್ಸಿನ ಹೆಣ್ಣುಮಗಳು. ಕೆಳರೆಪ್ಪೆಯ ಒಳಗೆ ಕಾಗದದ ಸಣ್ಣ ಪಟ್ಟಿ ಸಿಕ್ಕಿಸಿ ಐದು ನಿಮಿಷ ಬಿಟ್ಟು ಅದು ಎಷ್ಟು ನೆಂದಿದೆ ಎಂದು ಅಳೆದರು. ಆಮೇಲೆ ಯಂತ್ರದ ಮುಂದೆ ಗದ್ದ ಇಡಿಸಿ ರೆಪ್ಪೆಯಂಚನ್ನು ಮೆಲ್ಲಗೆ ಒತ್ತಿ ನೋಡಿದರು. "ಧೂಳ್ರೀ ಮೇಡಂ, ಮೈನ್ಸ್ ಧೂಳು" ಅಂದಳು ನನ್ನ ಹೆಂಡತಿ.

"ಧೂಳು ಇರಬಹುದಮ್ಮ. ಆದ್ರ ಬರೇ ಧೂಳು ಇದ್ದಂಗಿಲ್ಲ," ಅಂದರು ಡಾಕ್ಟರು. "ಕಣ್ಣೀರು ಅಂದ್ರ ಬರೇ ನೀರಲ್ಲ. ಅದರ ಮ್ಯಾಲೆ ತೆಳ್ಳಗ ಎಣ್ಣಿ ಪದರ ಇರ್ತೈತಿ. ಆ ಎಣ್ಣಿ ರೆಪ್ಪಿ ಅಂಚಿನ್ಯಾಗಿರೋ ಸಣ್ಣ ಗ್ರಂಥಿಗಳಿಂದ ಬರ್ತೈತಿ. ಇವರಿಗೆ ಅದು ಚಳಿಗಾಲದ ಕೊಬ್ರಿ ಎಣ್ಣಿ ಇದ್ದಂಗ ಗಟ್ಟಿ ಆಗೈತಿ, ಹೊರಗ ಬರವಲ್ದು. ಎಣ್ಣಿ ಇಲ್ಲಂದ್ರ ನೀರು ಆರಿಹೋಗ್ತೈತಿ, ಕಣ್ಣು ಉರಿತೈತಿ. ಉರಿಗೆ ಮತ್ತ ನೀರು ಸುರಿತೈತಿ. ಆ ನೀರಿಂದ ಉಪಯೋಗ ಇಲ್ಲ."

ಆಮೇಲೆ ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಗಡ್ಡ ಎಷ್ಟು ದಿನಕ್ಕೊಮ್ಮೆ ತೆಗೆಸುತ್ತೀರಿ ಎಂದು ಕೇಳಿದರು. ಕಣ್ಣಿನ ಡಾಕ್ಟರು ಗಡ್ಡದ ವಿಚಾರ ಕೇಳುವುದೇ! ಹೆಂಡತಿ ಬಾಯಿ ತೆರೆದಳು. "ವಾರಕ್ಕೆರಡು ಸರ್ತಿ ಹೋಗ್ತಾರ್ರಿ" ಅಂದಳು. ಅವಳಿಗೆ ಕಟಿಂಗ್ ಅಂಗಡಿಯ ನಗು ಗೊತ್ತಿರಲಿಲ್ಲ. "ದಣಿವು ಐತೇನ್ರಿ?" "ಐತ್ರಿ" ಅಂದಳು. ಮುಂದಿನ ಪ್ರಶ್ನೆ ಏನು ಬರುತ್ತದೆಂದು ನನಗೆ ತಿಳಿದುಹೋಯಿತು. ಅದಕ್ಕೂ ಅವಳೇ ಉತ್ತರ ಕೊಟ್ಟರೆ ಏನು ಕೊಟ್ಟಾಳು? ಅವಳು ಕೊಡುವ ಉತ್ತರದಲ್ಲಿ ತಪ್ಪು ಅವಳದೇ ಆಗಿರುತ್ತಿತ್ತು.

"ಏ, ಹೊರಗ ಹೋಗಿ ಒಂದು ಬಾಟ್ಲಿ ನೀರು ತಗೊಂಡು ಬಾ," ಅಂದೆ.

"ನೀರು ಚೀಲದಾಗ ಐತಲ್ರಿ."

"ತಣ್ಣಂದು ಬೇಕು. ಹೋಗು."

ಅವಳು ನನ್ನನ್ನು ನೋಡಿದಳು, ಡಾಕ್ಟರನ್ನು ನೋಡಿದಳು. ಚೀಲ ಎದೆಗೆ ಅವುಚಿಕೊಂಡು ಹೊರಗೆ ಹೋದಳು. ಬಾಗಿಲು ಮುಚ್ಚಿಕೊಂಡ ಮೇಲೆ ನನ್ನ ಮಗಳ ವಯಸ್ಸಿನ ಆ ಹುಡುಗಿಯ ಮುಂದೆ, ಗೋಡೆಯ ಮೇಲಿದ್ದ ಕಣ್ಣಿನ ಚಿತ್ರ ನೋಡಿಕೊಂಡು, ಎರಡು ವರ್ಷದಿಂದ ಹೇಳದೇ ಇದ್ದದ್ದನ್ನು ಹೇಳಿದೆ. ಒಂದೂವರೆ ನಿಮಿಷವೂ ಹಿಡಿಯಲಿಲ್ಲ. ಅವರು ಮುಖ ಮುರಿಯಲಿಲ್ಲ, ನಗಲಿಲ್ಲ. ಜ್ವರ ಎಷ್ಟು ದಿನದಿಂದ ಎಂದು ಬರೆದುಕೊಳ್ಳುವಂತೆ ಬರೆದುಕೊಂಡರು.

ಗಂಡಸರ ಹಾರ್ಮೋನಿಗೂ ಆ ಎಣ್ಣೆಯ ಗ್ರಂಥಿಗಳಿಗೂ ನಂಟಿದೆ ಅಂದರು. ಆ ಹಾರ್ಮೋನು ಇಳಿದರೆ ಗ್ರಂಥಿಗಳು ಸೊರಗಿ ಕಣ್ಣು ಒಣಗಬಹುದು. ಹೆಂಗಸರ ಮೈಯಲ್ಲೂ ಅದು ಸ್ವಲ್ಪ ಇರುತ್ತದೆ, ವಯಸ್ಸಾದ ಮೇಲೆ ಅವರಿಗೂ ಹೀಗಾಗುವುದುಂಟು. ಎಲ್ಲರಿಗೂ ಇದೇ ಕಾರಣ ಅಂತಲ್ಲ, ಧೂಳು, ಎಸಿ ಗಾಳಿ, ಪರದೆ ನೋಡುವುದು, ಶುಗರ್, ಎಲ್ಲವೂ ಸೇರಿರಬಹುದು. ಬೆಳಿಗ್ಗೆ ಹೊತ್ತು ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟು ಪರೀಕ್ಷೆ ಮಾಡಿಸಿ, ದೊಡ್ಡ ಡಾಕ್ಟರಿಗೆ ತೋರಿಸಿ ಎಂದು ಚೀಟಿ ಬರೆದರು. ಹಂಚಿನ ಮೇಲೆ ಬಿಸಿ ಮಾಡಿದ ಬಟ್ಟೆಯನ್ನು ದಿನಾ ರೆಪ್ಪೆಯ ಮೇಲೆ ಇಟ್ಟುಕೊಳ್ಳಲು ಹೇಳಿದರು. ಕೊನೆಗೆ, "ಅಮ್ಮಾರಿಗೆ ನಾನು ಹೇಳ್ಲೇನ್ರಿ?" ಎಂದು ಕೇಳಿದರು. "ಬ್ಯಾಡ್ರಿ, ನಾನೇ ಹೇಳ್ತೀನಿ" ಅಂದೆ.

ಹೇಳಲಿಲ್ಲ. ಹೊರಗೆ ಬಂದಾಗ ಅವಳು ಬೆಂಚಿನ ತುದಿಯಲ್ಲಿ ಕೂತಿದ್ದಳು, ಕೈಯಲ್ಲಿ ತಣ್ಣನೆಯ ನೀರಿನ ಬಾಟಲಿ. "ಏನಂದ್ರು?" ಅಂದಳು. "ಶುಗರ್ ನೋಡಬೇಕಂತ, ರಕ್ತ ಕೊಡಬೇಕಂತ" ಅಂದೆ. "ಅಷ್ಟಕ್ಕ ನನ್ನ ಯಾಕ ಹೊರಗ ಹಾಕಿದ್ರಿ?" "ನಿನ್ನ ಯಾರು ಹೊರಗ ಹಾಕಿದ್ರು? ಬಾಯಿ ಆರಿತ್ತು, ನೀರು ತಗೊಂಬಾ ಅಂದೆ." ಹೋಟೆಲಿನಲ್ಲಿ ಎರಡು ಪ್ಲೇಟು ಮಂಡಕ್ಕಿ ಒಗ್ಗರಣೆ, ಮಿರ್ಚಿ ಹೇಳಿದೆ. ಹೊಸಪೇಟೆಗೆ ಬಂದರೆ ಮಿರ್ಚಿ ಬಿಟ್ಟು ಹೋಗದವಳು ಅವತ್ತು ಒಂದನ್ನೂ ಮುಟ್ಟಲಿಲ್ಲ. ಅವಳ ಪ್ಲೇಟನ್ನೂ ನಾನೇ ತಿಂದೆ. ಮುಖ ಬಿಳಿಚಿಕೊಂಡದ್ದು ಕಂಡಿತು, ಬಸ್ಸಿನ ಸುಸ್ತು ಅಂದುಕೊಂಡೆ.

ಮೂರು ದಿನದ ಮೇಲೆ ಒಬ್ಬನೇ ಮೊದಲ ಬಸ್ಸಿಗೆ ಹೋಗಿ ರಕ್ತ ಕೊಟ್ಟು ಬಂದೆ. ರಸೀದಿಯನ್ನು ಬುತ್ತಿ ಚೀಲದ ತಳದಲ್ಲಿ ಮಡಚಿ ಇಟ್ಟೆ. ಬುತ್ತಿ ಚೀಲ ತೊಳೆಯುವವಳು ಯಾರು ಅನ್ನುವುದು ನನ್ನ ತಲೆಗೆ ಹೊಳೆಯಲಿಲ್ಲ, ನೋಡಿ! ಮರುದಿನ ಸಂಜೆ ಕೆಲಸದಿಂದ ಬಂದಾಗ ಆ ರಸೀದಿ ಟೇಬಲ್ಲಿನ ಮೇಲಿತ್ತು, ಅದರ ಮೇಲೆ ಔಷಧದ ಬಾಟಲಿ. ಎರಡು ಚೀಲ ಬಾಗಿಲ ಹತ್ತಿರ ಇದ್ದವು.

"ಶುಗರ್ ಚೀಟಿ ನಾನು ನೋಡೀನ್ರಿ, ಹತ್ತು ವರ್ಷದಿಂದ ನೋಡೀನಿ. ಇದು ಅದಲ್ಲ," ಅಂದಳು. "ಏನೈತಿ ಅಂತ ಹೇಳ್ರಿ."

"ಕಣ್ಣಿಂದು" ಅಂದೆ.

"ಹೊತ್ತಿಗೆ ಸರಿಯಾಗಿ ಔಷಧ ಹಾಕ್ಕೊಳ್ರಿ. ರೊಟ್ಟಿ ಎರಡು ದಿನಕ್ಕ ಆಗೋಷ್ಟು ಅದಾವು" ಅಂದು ಚೀಲ ಎತ್ತಿಕೊಂಡಳು. ಹೊಸಪೇಟೆ ಬಸ್ಸು ಬರುವವರೆಗೂ ನಾನು ಅವಳ ಜೊತೆ ನಿಂತಿದ್ದೆ. ಹಾದು ಹೋದ ಪರಿಚಯದವರು "ಏನು, ಅಕ್ಕನ ಮನಿಗೇನ್ರಿ?" ಅಂದರೆ ಹೂಂ ಅಂದಳು. ಬಸ್ಸು ಹತ್ತಿದ ಮೇಲೆ ಕಿಟಕಿಯ ಕಡೆ ಕೂರಲಿಲ್ಲ.

ಆಮೇಲಿನ ದಿನಗಳಲ್ಲಿ ಔಷಧದ ಅರ್ಧ ಬಾಟಲಿ ನನ್ನ ಕೆನ್ನೆ ಕುಡಿಯಿತು. ಹಂಚಿನ ಮೇಲೆ ಬಟ್ಟೆ ಬಿಸಿ ಮಾಡಲು ಹೋಗಿ ಒಂದು ಟವೆಲ್ಲು ಸುಟ್ಟೆ. ರಿಪೋರ್ಟು ಬಂತು, ಕಡಿಮೆ ಇತ್ತು. ಹೊಸಪೇಟೆಯ ದೊಡ್ಡ ಡಾಕ್ಟರು ಒಂದು ಸಲದ ರಿಪೋರ್ಟು ನಂಬುವುದಿಲ್ಲ ಎಂದು ಇನ್ನೊಂದು ಬೆಳಿಗ್ಗೆ ಮತ್ತೆ ರಕ್ತ ತೆಗೆಸಿದರು, ಆಗಲೂ ಕಡಿಮೆ ಬಂತು. ಹೊಟ್ಟೆ ಇಳಿಸಿ, ಶುಗರ್ ಹತೋಟಿಗೆ ತನ್ನಿ, ನಡೆಯಿರಿ, ಆಮೇಲೆ ಬೇಕಾದರೆ ಇಂಜೆಕ್ಷನ್ ಯೋಚಿಸೋಣ, ಅದರಿಂದ ಕಣ್ಣು ಪೂರ್ತಿ ಸರಿಹೋಗುತ್ತದೆಂದು ಬರೆದುಕೊಡಲಾರೆ ಅಂದರು. ಇಷ್ಟು ಸರಳವಾಗಿ ಮಾತಾಡುವ ವಿಷಯಕ್ಕೆ ನಾನು ಎರಡು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದೆನಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು. ಸಿಟ್ಟು ಬಂದರೂ ಫೋನ್ ಎತ್ತಿ ಅವಳಿಗೆ ಹೇಳಿದೆನೇ? ಇಲ್ಲ. "ಊಟ ಆತೇನು?" "ಆತ್ರಿ. ನಿಮ್ಮ ಔಷಧ?" "ಹಾಕ್ಕೊಂಡೆ." ಹದಿನೈದು ದಿನ ಇಷ್ಟೇ ಮಾತು.

ಹದಿನಾರನೆಯ ದಿನ ಮಧ್ಯಾಹ್ನ ತೂಕದ ಹಾಸಿನ ಮೇಲೆ ಲಾರಿ ನಿಂತಿರುವಾಗ ಷಡ್ಡಕನ ಫೋನ್ ಬಂತು. ಗಿರಣಿಯ ಸದ್ದಿನ ಮೇಲೆ ಕೂಗಿ ಮಾತಾಡುವ ಮನುಷ್ಯ ಅವತ್ತು ಪಿಸುಗುಟ್ಟುತ್ತಿದ್ದ.

"ಲೇ ತಮ್ಮಾ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ. ನಿನಗ ಏನರ ರೋಗ ಐತೇನು?"

"ಯಾವ ರೋಗ ಅಣ್ಣ?"

"ಅದೇಪ, ಲಾರಿ ನಿಲ್ಲೋ ಕಡೆ ಗ್ವಾಡಿ ಮ್ಯಾಲೆ ಬರೆದಿರ್ತಾರಲ್ಲ. ಏಡ್ಸು."

ನಾನು ಏನು ಅಂದೆನೋ ನೆನಪಿಲ್ಲ. ಅವನು ಮುಂದುವರಿಸಿದ. "ನಿನ್ನ ಹೆಂಡ್ತಿ ನಿನ್ನೆ ಯಾರಿಗೂ ಹೇಳ್ದಂಗ ಸರ್ಕಾರಿ ದವಾಖಾನಿಗೆ ಹೋಗಿ ತನ್ನ ರಕ್ತ ಪರೀಕ್ಷೆ ಮಾಡಿಸ್ಕೊಂಡು ಬಂದಾಳ. ಏನೂ ಇಲ್ಲ ಅಂತ ಬಂದೈತಿ, ಗಾಬರಿ ಆಗಬ್ಯಾಡ. ಆದ್ರ ಆಕಿ ಊಟ ಬಿಟ್ಟಾಳ. ನೀನು ಆಕಿನ ಡಾಕ್ಟರ ಕೋಣಿಯಿಂದ ಹೊರಗ ಕಳಿಸಿದೆಂತಲ್ಲ? ಗುಟ್ಟಿಲೆ ರಕ್ತ ಕೊಟ್ಟು ಬಂದೆಂತಲ್ಲ? ಮನಿಯಾಗಿನ ಹೆಂಗಸು ಏನ್ ತಿಳ್ಕೋಬೇಕೋ?"

ಲಾರಿಗಳ ನಡುವೆ ಬದುಕುವ ಸೀಮೆ ನಮ್ಮದು. ನಮ್ಮ ಕಡೆ ಗಂಡಸು ಹೆಂಡತಿಯನ್ನು ಡಾಕ್ಟರ ಕೋಣೆಯಿಂದ ಹೊರಗೆ ಕಳಿಸುವುದು ಒಂದೇ ಕಾರಣಕ್ಕೆ ಎಂದು ಎಲ್ಲ ಹೆಂಗಸರಿಗೂ ಗೊತ್ತು. ನನಗೂ ಗೊತ್ತಿತ್ತು. ಅದು ನನ್ನ ಬಗ್ಗೆ ಎಂದು ಮಾತ್ರ ಹೊಳೆದಿರಲಿಲ್ಲ. ಹೊರಗೆ ಲಾರಿಯವನು ಹಾರ್ನ್ ಬಡಿಯುತ್ತಿದ್ದ. ಚೀಟಿ ಕೊಟ್ಟು, ಪಕ್ಕದ ಕ್ಯಾಬಿನ್ನಿನವನಿಗೆ ಕೀಲಿ ಒಪ್ಪಿಸಿ, ಹಾಕಿದ ಯೂನಿಫಾರ್ಮಿನಲ್ಲೇ ಹೊರಟೆ.

ಕಂಪ್ಲಿ ಮುಟ್ಟಿದಾಗ ನಾಲ್ಕು ಗಂಟೆ. ಗಿರಣಿ ನಿಂತಿತ್ತು. ಅಂಗಳದ ಪಕ್ಕದ ಆಫೀಸು ಕೋಣೆಯಲ್ಲಿ ಷಡ್ಡಕ ಕುರ್ಚಿಯಲ್ಲಿದ್ದ, ಅಕ್ಕ ಬಾಗಿಲಿಗೆ ಒರಗಿ ನಿಂತಿದ್ದಳು, ನನ್ನ ಹೆಂಡತಿ ತೌಡಿನ ಚೀಲದ ಮೇಲೆ ಕೂತಿದ್ದಳು. ಹದಿನಾರು ದಿನದಲ್ಲಿ ಅವಳ ಕತ್ತಿನ ಎಲುಬು ಎದ್ದಿದ್ದವು. ನನ್ನನ್ನು ನೋಡಿ ಎದ್ದು ನಿಂತಳು, ಅಷ್ಟೇ.

"ಬರ್ರಿ," ಅಂದಳು ಅಕ್ಕ. "ರಿಪೋರ್ಟ್ ತಂದೀರೇನು?"

ಹೆಂಡತಿಯನ್ನು ಪಕ್ಕಕ್ಕೆ ಕರೆದು ಹೇಳಬೇಕೆಂದು ಬಸ್ಸಿನುದ್ದಕ್ಕೂ ಅಂದುಕೊಂಡಿದ್ದೆ. "ಸ್ವಲ್ಪ ಹೊರಗ ಬಾ" ಅಂದೆ. ಅವಳು ಅಲ್ಲಾಡಲಿಲ್ಲ.

"ಹೊರಗ ನಾನು ಒಂದು ಸರ್ತಿ ಹೋಗೀನ್ರಿ, ನೀವು ಹೇಳಿದ್ರಂತ. ಇನ್ನ ಹೋಗಂಗಿಲ್ಲ. ಏನೈತಿ ಅಂತ ಇಲ್ಲೇ ಹೇಳ್ರಿ. ಇವರ ಮುಂದ ನಿಮ್ಮ ಮಾನ ತಗದೀನಿ ನಾನು. ತಪ್ಪು ನಂದಾದ್ರ ಇವರ ಮುಂದನ ಗೊತ್ತಾಗ್ಲಿ."

"ನನ್ನ ಕಣ್ಣು..." ಅಂದೆ.

"ಕಣ್ಣಿನ ಮಾತು ಸಾಕು ಮಾಡ್ರಿ!" ಎಂದು ಅಕ್ಕ ಚೀರಿದಳು.

"ಕಣ್ಣಿಂದ ಶುರು ಮಾಡ್ಲಿಲ್ಲಂದ್ರ ನನಗ ಹೇಳಾಕ ಬರಂಗಿಲ್ಲಕ್ಕ," ಅಂದೆ. ಅಕ್ಕಿ ಗಿರಣಿಯ ಆ ಕೋಣೆಯಲ್ಲಿ, ನನ್ನ ಷಡ್ಡಕನ ಹುರಿಮೀಸೆಯ ಮುಂದೆ, ಕೈ ಹೊಲಿಗೆಯ ಗೋಣಿಗಳನ್ನು ನೋಡುತ್ತಾ ಹೇಳಿದೆ. ಗಂಡಸರಿಗೆ ಇರಬೇಕಾದ ಹಾರ್ಮೋನು ನನ್ನ ರಕ್ತದಲ್ಲಿ ಕಡಿಮೆಯಾಗಿದೆ. ಕಣ್ಣು ಒಣಗಿದ್ದಕ್ಕೆ ಅದೂ ಒಂದು ಕಾರಣ. ದಣಿವಿಗೂ ಅದೇ, ಗಡ್ಡ ಬಾರದ್ದಕ್ಕೂ ಅದೇ. ನನ್ನ ಹೆಂಡತಿಯಿಂದ ಎರಡು ವರ್ಷ ದೂರ ಮಲಗಿದ್ದಕ್ಕೂ ಅದೇ. ನನಗೆ ಯಾರೂ ಇಲ್ಲ, ಯಾವ ರೋಗವೂ ಇಲ್ಲ. ಇವಳ ಮೇಲೆ ಮನಸ್ಸು ಹೋಗಿರಲಿಲ್ಲ, ನನ್ನ ಮೈಗೆ ಆಗುತ್ತಿರಲಿಲ್ಲ. ಹೇಳಲು ನಾಚಿಕೆಯಾಯಿತು. ಕಿಸೆಯಿಂದ ಎರಡು ರಿಪೋರ್ಟು ತೆಗೆದು ಮೇಜಿನ ಮೇಲಿಟ್ಟೆ.

ಷಡ್ಡಕ ನಗುತ್ತಾನೆ ಅಂದುಕೊಂಡಿದ್ದೆ. ನಗಲಿಲ್ಲ. ರಿಪೋರ್ಟನ್ನು ಕೈಯಲ್ಲಿ ಮುಟ್ಟಲೂ ಇಲ್ಲ. "ಲೋಡು ಬಂದಂಗಾತು, ನೋಡ್ತೀನಿ" ಎಂದು ಎದ್ದು ಹೋದ. ಅಂಗಳದಲ್ಲಿ ಯಾವ ಲೋಡೂ ಬಂದಿರಲಿಲ್ಲ. ಅಕ್ಕ ಸೆರಗು ಸರಿಮಾಡಿಕೊಂಡು, "ಚಾ ಇಡ್ತೀನಿ" ಎಂದು ನೆಲ ನೋಡುತ್ತಾ ಮನೆಯ ಕಡೆ ನಡೆದಳು. ನಾವಿಬ್ಬರೇ ಉಳಿದೆವು.

"ಯಾವಾಗಿಂದ ಗೊತ್ತು?" ಎಂದು ಕೇಳಿದಳು.

"ರಿಪೋರ್ಟ್ ಬಂದು ಹತ್ತು ದಿನ ಆತು."

"ರಿಪೋರ್ಟ್ ಅಲ್ರಿ. ನಿಮ್ಮ ಮೈ ಹಿಂಗಾಗೈತಿ ಅಂತ ನಿಮಗ ಯಾವಾಗಿಂದ ಗೊತ್ತು?"

"ಎರಡು ವರ್ಷ."

ಅವಳು ಮತ್ತೆ ತೌಡಿನ ಚೀಲದ ಮೇಲೆ ಕೂತಳು. ಈಗ ಬೈಯುತ್ತಾಳೆ, ಬೈದು ಹಗುರಾಗುತ್ತಾಳೆ, ಚೀಲ ತರುತ್ತಾಳೆ ಅಂದುಕೊಂಡೆ. ಕಷ್ಟದ್ದು ಹೇಳಿ ಮುಗಿಸಿದ್ದೇನೆ ಎಂಬ ಧೈರ್ಯ ನನಗೆ ಬಂದುಬಿಟ್ಟಿತ್ತು. ಅವಳು ಬೈಯಲಿಲ್ಲ. ಮಾಮೂಲಿ ದನಿಯಲ್ಲಿ, ಸಂತೆಯಲ್ಲಿ ಏನು ಕೇಳಿದೆ ಎಂದು ಹೇಳುವವಳ ಹಾಗೆ ಹೇಳಿದಳು.

"ನಿನ್ನೆ ರಕ್ತ ಕೊಡೋ ಮುಂದ ನಾನು ಶಿವನ್ನ ಏನ್ ಬೇಡ್ಕೊಂಡೆ ಗೊತ್ತೇನ್ರಿ? ರೋಗ ಇರ್ಲಿ ಅಂತ ಬೇಡ್ಕೊಂಡೆ. ರೋಗ ಐತಿ ಅಂತ ಬಂದ್ರ, ಇವರು ಅದಕ್ಕಂಜಿ ನನ್ನ ದೂರ ಇಟ್ಟಿದ್ರು, ನಾನು ಬ್ಯಾಡಾಗಿ ಅಲ್ಲ ಅಂತ ಗೊತ್ತಾಗ್ತಿತ್ತು. ಏನೂ ಇಲ್ಲಮ್ಮ, ಆರಾಮ ಅದೀ ಅಂತ ಆ ನರ್ಸಮ್ಮ ನಕ್ಕೊಂತ ಹೇಳಿದ್ಲು. ಅಲ್ಲೇ ಕುಂತು ಅತ್ತುಬಿಟ್ಟೆ. ಹಂಗಾದ್ರ ತಪ್ಪು ನಂದೇ ಅಂತ."

ನಾನು ಇನ್ನೊಂದು ತೌಡಿನ ಚೀಲ ಎಳೆದು ಅವಳ ಎದುರಿಗೆ ಕೂತೆ. ಸಂಜೆಯ ಬಸ್ಸಿಗೆ ಅವಳು ಬರಲಿಲ್ಲ. ನಾನೂ ಹತ್ತಲಿಲ್ಲ.